ಮನೆ ಬಿಯರಿನ ಖರ್ಚು: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಲು ಹೊರಟ ನಮ್ಮವರ ಬಾಯಲ್ಲಿ ಕೆಲವೇ ತಿಂಗಳಲ್ಲಿ ಬರುವ ಮಾತೊಂದಿದೆ: ‘ಅಂಗಡಿಯಲ್ಲಿ ಕೊಂಡಿದ್ದರೇ ಅಗ್ಗವಾಗ್ತಿತ್ತು.’ ಅದು ಸುಳ್ಳಲ್ಲ. ಶುರುವಿನಲ್ಲಿ ಒಂದು ಕಿಟ್, ಅದರ ಹಿಂದೆಯೇ ದೊಡ್ಡ ಪಾತ್ರೆ, ಆಮೇಲೆ ತಣಿಸಲು ತಾಮ್ರದ ಸುರುಳಿ, ಬಿಯರ್ ತುಂಬಿಡುವ ಕೆಗ್, ಆ ಕೆಗ್ ಇಡಲು ಇನ್ನೊಂದು ಫ್ರಿಜ್. ಒಂದೊಂದು ಖರೀದಿಯೂ ಸಣ್ಣದೇ, ಕೂಡಿಸಿ ನೋಡಿದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಬೇಸತ್ತು ಸಾಮಾನನ್ನೆಲ್ಲ ಗರಾಜಿನ ಮೂಲೆಗೆ ತಳ್ಳಿದವರೂ ಇದ್ದಾರೆ.

ಹಾಗೆ ಕೈಬಿಡಬೇಕಾಗಿಲ್ಲ. ಒಳ್ಳೆಯ ಪೇಲ್ ಏಲ್ ಒಂದು ಬಾಟಲಿಗೆ ಸುಮಾರು 40 ಸೆಂಟಿನ ಖರ್ಚಿನಲ್ಲಿ, ರುಚಿಯಲ್ಲಿ ರಾಜಿಯಾಗದೆ ಮನೆಯಲ್ಲಿ ಮಾಡಬಹುದು. ಅದರ ಗುಟ್ಟು ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿದೆ. ಒಂದೇ ಮಾಲ್ಟ್, ಒಂದೇ ಯೀಸ್ಟ್, ಎರಡು ಮೂರು ಬಗೆಯ ಬಿಯರ್. ಪ್ರತಿ ಸಲ ಹೊಸ ರೆಸಿಪಿ, ಹೊಸ ಪೊಟ್ಟಣ ಎನ್ನುವವರಿಗೆ ಈ ಬೆಲೆ ಎಂದೂ ಸಿಗುವುದಿಲ್ಲ.

ಮೊದಲು ಕಾನೂನಿನ ವಿಷಯ ಮುಗಿಸಿಬಿಡೋಣ. ಮನೆ ಬಳಕೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಲು ಅಮೆರಿಕದಲ್ಲಿ ಅವಕಾಶ ಸಿಕ್ಕಿದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ಮಿತಿ. ಮಾರುವಂತಿಲ್ಲ. ರಾಜ್ಯಗಳಲ್ಲಿ ಕೊನೆಗೆ ಒಪ್ಪಿದವು ಅಲಬಾಮಾ ಮತ್ತು ಮಿಸಿಸಿಪಿ, 2013ರಲ್ಲಿ. ಬ್ರಿಟನ್ನಿನಲ್ಲಿ 1963ರಿಂದಲೇ ಇದಕ್ಕೆ ಪರವಾನಗಿ ಬೇಕಿಲ್ಲ. ಕರ್ನಾಟಕದ ಮಾತು ಬೇರೆ: 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನಲ್ಲಿರುವ ಓದುಗರಿಗೆ ಈ ಲೇಖನ ತಿಳಿವಳಿಕೆಗಷ್ಟೇ.

ಹಣ ಎಲ್ಲಿಗೆ ಹೋಗುತ್ತದೆ?

ಬಿಯರ್ ಆಗುವ ಬಗೆ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ನುಚ್ಚು ಮಾಡಿ 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿ ನೀರಿಗೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಎರಡು ವಾರದ ಹೊತ್ತಿಗೆ ಹುದುಗಿ ಬಿಯರ್ ಆಗಿರುತ್ತದೆ. 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಒಂದು ಬ್ಯಾಚಿಗೆ ಗಸಿ ಕಳೆದು 355 ಮಿ.ಲೀ.ನ 48 ಬಾಟಲಿ ಸಿಗುತ್ತವೆ ಎಂದಿಟ್ಟುಕೊಳ್ಳಿ.

ಈಗ ಒಂದೇ ಪೇಲ್ ಏಲನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕೋಣ. ಕೆಳಗಿನ ಬೆಲೆಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಅಂಗಡಿಯ ಬೆಲೆ ಹಾಕಿ ತಿದ್ದಿಕೊಳ್ಳಿ.

ಚಿಲ್ಲರೆಯಾಗಿ ಕೊಂಡರೆ: 10 ಪೌಂಡ್ ಮಾಲ್ಟ್, ಪೌಂಡಿಗೆ 2 ಡಾಲರಿನಂತೆ 20; ಹಾಪ್ಸ್ 4 ಔನ್ಸ್, ಔನ್ಸಿಗೆ ಎರಡೂವರೆಯಂತೆ 10; ದ್ರವ ಯೀಸ್ಟ್ ಒಂದು ಪೊಟ್ಟಣ 12; ಬಿರಡೆ, ಸಕ್ಕರೆ, ಸ್ಯಾನಿಟೈಸರ್, ಗ್ಯಾಸ್ ಸೇರಿ 5. ಒಟ್ಟು 47 ಡಾಲರ್. ಬಾಟಲಿಗೆ 98 ಸೆಂಟ್.

ಸಗಟಾಗಿ ಕೊಂಡರೆ: 55 ಪೌಂಡಿನ ಮಾಲ್ಟ್ ಮೂಟೆಗೆ 55 ಡಾಲರ್ ಎಂದರೆ 10 ಪೌಂಡಿಗೆ 10, ಪೌಂಡಿಗೆ 16 ಡಾಲರಿನ ಹಾಪ್ಸ್‌ನಲ್ಲಿ 4 ಔನ್ಸಿಗೆ 4, 6 ಡಾಲರಿನ ಒಣ ಯೀಸ್ಟನ್ನು ನಾಲ್ಕು ಬ್ಯಾಚಿಗೆ ಬಳಸಿದರೆ ಒಂದೂವರೆ, ಉಳಿದದ್ದಕ್ಕೆ ಮೂರೂವರೆ. ಒಟ್ಟು 19 ಡಾಲರ್. ಬಾಟಲಿಗೆ 40 ಸೆಂಟ್.

ಬಿಯರ್ ಎರಡೂ ಕಡೆ ಒಂದೇ. ಇದಕ್ಕೆ ಸಾಮಾನಿನ ಖರ್ಚು ಸೇರಿಸಿ. 400 ಡಾಲರಿನ ಪಾತ್ರೆ ಪರಿಕರ ಕೊಂಡು ಹತ್ತು ಬ್ಯಾಚ್ ಮಾಡಿ ನಿಲ್ಲಿಸಿದರೆ ಪ್ರತಿ ಬಾಟಲಿಯ ಮೇಲೆ 83 ಸೆಂಟ್ ಹೊರೆ ಬೀಳುತ್ತದೆ. ಅದೇ ಸಾಮಾನಿನಲ್ಲಿ ನಲವತ್ತು ಬ್ಯಾಚ್ ಮಾಡಿದರೆ 21 ಸೆಂಟ್. ಯಾವುದೇ ಹೊಸ ವಸ್ತು ಕೊಳ್ಳುವ ಮುನ್ನ ಅದರ ಬೆಲೆಯನ್ನು ನೀವು ನಿಜವಾಗಿ ತುಂಬಿಸಲಿರುವ ಬಾಟಲಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಅರ್ಧಕ್ಕರ್ಧ ಆಸೆ ಅಲ್ಲಿಗೇ ಇಳಿಯುತ್ತದೆ.

ಉಳಿತಾಯದ ದಾರಿಗಳು

1. ಮಾಲ್ಟ್ ಮೂಟೆಯಲ್ಲಿ ಕೊಳ್ಳಿ. ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂಬ ಪಾಕದಿಂದ ಶುರುಮಾಡಿದವರು ಕಾಳಿಗೆ ಬದಲಾದ ದಿನವೇ ದೊಡ್ಡ ಉಳಿತಾಯ ಶುರು. ಎಕ್ಸ್‌ಟ್ರಾಕ್ಟಿನಲ್ಲಿ ನೀವು ಬಾರ್ಲಿಯ ಜೊತೆಗೆ, ಅದನ್ನು ನೆನೆಸಿ, ಸಕ್ಕರೆ ತೆಗೆದು, ನೀರು ಇಂಗಿಸಿದ ಕಾರ್ಖಾನೆಯ ಕೆಲಸಕ್ಕೂ ದುಡ್ಡು ಕೊಡುತ್ತಿರುತ್ತೀರಿ.

ಮೂಟೆ ಕೊಳ್ಳುವಾಗ ಪುಡಿ ಮಾಡಿಸದೆ ಇಡೀ ಕಾಳನ್ನೇ ತನ್ನಿ. ಬಿಗಿ ಮುಚ್ಚಳದ ಡಬ್ಬದಲ್ಲಿ, ತಂಪಾದ ಒಣ ಜಾಗದಲ್ಲಿ ಇಟ್ಟರೆ ಅದು ಒಂದು ವರ್ಷ ಕೆಡುವುದಿಲ್ಲ. ನುಚ್ಚಾದ ಮಾಲ್ಟ್ ಕೆಲವೇ ವಾರಗಳಲ್ಲಿ ಸಪ್ಪೆಯಾಗುತ್ತದೆ. ಹಳೆಯ ಮಾಲ್ಟ್ ಇನ್ನೂ ಚೆನ್ನಾಗಿದೆಯೇ ಎಂದು ತಿಳಿಯಲು ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಿ. ಗರಿಗರಿಯಾಗಿ ಮುರಿದು ಸಿಹಿಯೊಡೆದರೆ ಸರಿ. ಮೆತ್ತಗೆ ಅಗಿಯುವಂತಿದ್ದರೆ ತೇವ ಹಿಡಿದಿದೆ ಎಂದರ್ಥ. ಮೂಟೆ ಒಬ್ಬರಿಗೆ ಹೆಚ್ಚಾದರೆ ಇಬ್ಬರು ಮೂವರು ಸೇರಿ ಹಂಚಿಕೊಳ್ಳಿ. ದೊಡ್ಡ ಊರುಗಳಲ್ಲಿ ಮನೆ ಬಿಯರ್ ಮಾಡುವವರ ಕ್ಲಬ್ಬುಗಳಿವೆ. ಲಾಸ್ ಏಂಜಲೀಸ್‌ನ ಮಾಲ್ಟೋಸ್ ಫಾಲ್ಕನ್ಸ್ 1974ರಷ್ಟು ಹಳೆಯದು. ಇಂಥ ಕ್ಲಬ್ಬುಗಳು ಒಟ್ಟಾಗಿ ಸಗಟು ಖರೀದಿ ಮಾಡುವುದುಂಟು, ವಿಚಾರಿಸಿ.

ಮೂಟೆಯಲ್ಲಿ ಕೊಳ್ಳಬೇಕಾದದ್ದು ಮೂಲ ಮಾಲ್ಟ್ ಒಂದನ್ನೇ. ಬಣ್ಣ, ಕಂಪು ಕೊಡುವ ವಿಶೇಷ ಮಾಲ್ಟುಗಳನ್ನು ಬೇಕಾದಷ್ಟೇ ತನ್ನಿ. ಬಿಸ್ಕತ್ತಿನಂಥ ಕಂಪು ಬೇಕಿದ್ದರೆ ಅದನ್ನೂ ಕೊಳ್ಳಬೇಕಾಗಿಲ್ಲ. ಮೂಲ ಮಾಲ್ಟನ್ನೇ ತಟ್ಟೆಯಲ್ಲಿ ಹರಡಿ, 175 ಡಿಗ್ರಿ ಸೆಲ್ಸಿಯಸ್ ಓವನಿನಲ್ಲಿ 15 ನಿಮಿಷ ಹುರಿದು, ಒಂದೆರಡು ವಾರ ಕಾಗದದ ಚೀಲದಲ್ಲಿ ಬಿಟ್ಟು ಬಳಸಿ.

2. ನುಚ್ಚನ್ನು ಗಮನಿಸಿ. ಬಹುಪಾಲು ಜನ ಕಡೆಗಣಿಸುವ ವಿಷಯ ಇದು. ಅಂಗಡಿಯಲ್ಲಿ ಪುಡಿ ಮಾಡಿಸಿದ ಮಾಲ್ಟಿನ ಒಂದು ಹಿಡಿಯನ್ನು ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಹೊಟ್ಟು ಸೀಳಿದ್ದರೂ ಹೆಚ್ಚು ಪುಡಿಯಾಗಿರಬಾರದು, ಒಳಗಿನ ಬಿಳಿ ತಿರುಳು ಮೂರು ನಾಲ್ಕು ಚೂರಾಗಿರಬೇಕು. ಇಡೀ ಕಾಳುಗಳು ಅಲ್ಲಲ್ಲಿ ಇಣುಕುತ್ತಿದ್ದರೆ ನೀವು ಕೊಟ್ಟ ದುಡ್ಡಿನ ಒಂದು ಭಾಗ ಹಾಗೇ ಗೊಬ್ಬರಕ್ಕೆ ಹೋಗುತ್ತದೆ, ಏಕೆಂದರೆ ಒಡೆಯದ ಕಾಳಿನೊಳಗೆ ನೀರು ಇಳಿಯುವುದಿಲ್ಲ. ಸಕ್ಕರೆ ತೆಗೆಯುವ ಸಾಮರ್ಥ್ಯ ಶೇ. 65ರಿಂದ 75ಕ್ಕೆ ಏರಿದರೆ 10 ಪೌಂಡ್ ಬೇಕಿದ್ದ ಕಡೆ 8.7 ಪೌಂಡ್ ಸಾಕು. ಅಂಗಡಿಯವರಿಗೆ ಎರಡು ಸಲ ಗಿರಣಿಗೆ ಹಾಕಲು ಹೇಳಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂಟೆ ಕೊಳ್ಳುವುದು ರೂಢಿಯಾದ ಮೇಲೆ ಕೈಗಿರಣಿ ಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಕೆಗ್ಗಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಅದು.

3. ಯೀಸ್ಟನ್ನು ಉಳಿಸಿಕೊಳ್ಳಿ. ದಿನಾ ಹಾಲಿಗೆ ಹೆಪ್ಪು ಹಾಕುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಇಂದಿನ ಮೊಸರೇ ನಾಳೆಯ ಹೆಪ್ಪು. ಯೀಸ್ಟೂ ಹಾಗೆಯೇ. ಒಂದು ಪೊಟ್ಟಣ ಹಾಕಿದರೆ ಹುದುಗು ಮುಗಿಯುವ ಹೊತ್ತಿಗೆ ಅದು ಹಲವು ಪಟ್ಟು ಬೆಳೆದು ಬಕೆಟ್ಟಿನ ತಳದಲ್ಲಿ ದಪ್ಪ ಗಸಿಯಾಗಿ ಕೂತಿರುತ್ತದೆ. ಅದನ್ನು ಸಿಂಕಿಗೆ ಸುರಿಯುವುದು ದುಡ್ಡು ಸುರಿದಂತೆ.

ಮಾಡುವ ಕ್ರಮ ಹೀಗೆ. ಬಿಯರನ್ನು ಬಾಟಲಿಗೆ ತುಂಬುವಾಗ ತಳದಲ್ಲಿ ಅರ್ಧ ಲೀಟರಿನಷ್ಟು ಬಿಯರ್ ಬಿಡಿ. ಬಕೆಟ್ಟನ್ನು ಮೆಲ್ಲಗೆ ತಿರುಗಿಸಿ ಗಸಿಯನ್ನು ಎಬ್ಬಿಸಿ, ಸ್ಯಾನಿಟೈಸ್ ಮಾಡಿದ ಗಾಜಿನ ಜಾಡಿಗಳಿಗೆ ಸುರಿದು ಫ್ರಿಜ್‌ನಲ್ಲಿಡಿ. ಮರುದಿನ ನೋಡಿದರೆ ಪದರಗಳು ಕಾಣುತ್ತವೆ: ಕೆಳಗೆ ಕಂದು ಕಸ, ನಡುವೆ ಕೆನೆ ಬಣ್ಣದ ಯೀಸ್ಟ್, ಮೇಲೆ ತೆಳು ಬಿಯರ್. ನಡುವಿನ ಆ ಕೆನೆ ಪದರ ಒಂದು ಲೋಟ, ಅಂದರೆ 150ರಿಂದ 200 ಮಿ.ಲೀ. ಇದ್ದರೆ ಸಾಧಾರಣ ಗಡಸಿನ ಏಲ್ ಒಂದು ಬ್ಯಾಚಿಗೆ ಸಾಕು. ನೀರು ಹಾಕಿ ತೊಳೆಯುವ ಪದ್ಧತಿ ಕೆಲವರಲ್ಲಿದೆ, ಅದರ ಅಗತ್ಯವಿಲ್ಲ. ಯೀಸ್ಟಿಗೆ ಮೇಲಿನ ಬಿಯರೇ ರಕ್ಷಣೆ.

ಕೆಲವು ಕಟ್ಟುಪಾಡು ಮರೆಯಬೇಡಿ. ಜಾಡಿಯ ಮುಚ್ಚಳ ಸಡಿಲವಿರಲಿ, ಒಳಗೆ ಇನ್ನೂ ಅನಿಲ ಹುಟ್ಟುತ್ತಿರುತ್ತದೆ, ಬಿಗಿದರೆ ಗಾಜು ಸಿಡಿಯುತ್ತದೆ. ಎರಡು ವಾರದೊಳಗೆ ಬಳಸಿ. ತಿಳಿ ಬಣ್ಣದ, ಕಡಿಮೆ ಗಡಸಿನ ಬಿಯರಿನಿಂದ ಕಪ್ಪು, ಹೆಚ್ಚು ಗಡಸಿನ ಬಿಯರಿನ ಕಡೆಗೆ ಹೋಗಿ, ಹಿಮ್ಮುಖ ಬೇಡ. ಆಲ್ಕೋಹಾಲ್ ಶೇ. 8 ದಾಟಿದ ಬಿಯರಿನ ಯೀಸ್ಟ್ ದಣಿದಿರುತ್ತದೆ, ಅದನ್ನು ಉಳಿಸಬೇಡಿ. ಐದಾರು ತಲೆಮಾರಿನ ಮೇಲೆ ಹೊಸ ಪೊಟ್ಟಣ ತನ್ನಿ. ಪ್ರತಿ ಸಲ ಹಾಕುವ ಮುನ್ನ ಮೂಸಿ ನೋಡಿ: ಬ್ರೆಡ್ಡಿನಂಥ ವಾಸನೆ ಬಂದರೆ ಸರಿ, ವಿನಿಗರ್ ಅಥವಾ ಸುಟ್ಟ ರಬ್ಬರಿನ ವಾಸನೆ ಬಂದರೆ ಎಸೆಯಿರಿ.

ಟೆಕ್ಸಸ್, ಅರಿಜೋನಾದಂಥ ಸೆಕೆಯ ಊರಿನವರು ಕ್ವೈಕ್ ಎಂಬ ನಾರ್ವೆಯ ಹಳ್ಳಿಗಾಡಿನ ಯೀಸ್ಟನ್ನು ಒಮ್ಮೆ ನೋಡಲೇಬೇಕು. ಪಶ್ಚಿಮ ನಾರ್ವೆಯ ವೋಸ್ ಮೊದಲಾದ ಕಡೆ ರೈತ ಮನೆತನಗಳು ತಲೆತಲಾಂತರದಿಂದ ಇದನ್ನು ಮರದ ಉಂಗುರಗಳ ಮೇಲೆ ಒಣಗಿಸಿ ಕಾಪಾಡಿಕೊಂಡು ಬಂದಿವೆ. 35 ಡಿಗ್ರಿ ಸೆಕೆಯಲ್ಲೂ ಕೆಟ್ಟ ರುಚಿ ಕೊಡದೆ ಹುದುಗುತ್ತದೆ, ಹೀಗಾಗಿ ತಂಪು ಮಾಡುವ ಖರ್ಚೇ ಇಲ್ಲ. ಗಸಿಯನ್ನು ಓವನಿನ ಕಾಗದದ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಪುಡಿ ಮಾಡಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

4. ದುಬಾರಿ ಹಾಪ್ಸ್ ಕುದಿಸಬೇಡಿ. ಹಾಪ್ಸ್ ಎರಡು ಕೆಲಸ ಮಾಡುತ್ತದೆ, ಎರಡಕ್ಕೂ ಒಂದೇ ಬೆಲೆ ತೆರಬೇಕಾಗಿಲ್ಲ. ಕಹಿ ಬರುವುದು ಆಲ್ಫಾ ಆಮ್ಲಗಳು ದೀರ್ಘ ಹೊತ್ತು ಕುದಿದಾಗ. ಪರಿಮಳ ಬರುವುದು ಎಣ್ಣೆಗಳಿಂದ, ಅವು ಕುದಿಯುವಾಗ ಆವಿಯಾಗಿ ಹೋಗುತ್ತವೆ. ಸಿಟ್ರಾ, ಮೊಸಾಯಿಕ್‌ನಂಥ ದುಬಾರಿ ಹಾಪ್ಸನ್ನು ಒಂದು ಗಂಟೆ ಕುದಿಸಿದರೆ ಕಹಿ ಉಳಿಯುತ್ತದೆ, ನೀವು ದುಡ್ಡು ಕೊಟ್ಟ ಪರಿಮಳ ಅಡುಗೆಮನೆಯ ಕಿಟಕಿಯಿಂದ ಆಚೆ ಹೋಗಿರುತ್ತದೆ. ಕಹಿಗೆ ಮ್ಯಾಗ್ನಮ್, ಕೊಲಂಬಸ್‌ನಂಥ ಆಲ್ಫಾ ಹೆಚ್ಚಿರುವ ತಳಿ ಬಳಸಿ. ಶೇ. 4.5 ಆಲ್ಫಾ ಇರುವ ಫಗಲ್ 28 ಗ್ರಾಂ ಕೊಡುವ ಕಹಿಯನ್ನು ಶೇ. 14ರ ಮ್ಯಾಗ್ನಮ್ ಬರೀ 9 ಗ್ರಾಂನಲ್ಲಿ ಕೊಡುತ್ತದೆ.

ತಣ್ಣಗಿನ ಬಿಯರಿಗೆ ಹಾಪ್ಸ್ ಹಾಕುವ ಡ್ರೈ ಹಾಪಿಂಗ್‌ನಲ್ಲೂ ಮಿತಿಯಿದೆ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಕ್ಯಾಸ್ಕೇಡ್ ತಳಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ನಿಂಬೆಯ ಕಂಪಿನ ಬದಲು ಸೊಪ್ಪು, ಚಹಾದ ಕಡೆಗೆ ವಾಲಿತು. 19 ಲೀಟರಿಗೆ ಅದು ಸುಮಾರು 150 ಗ್ರಾಂ ಆಯಿತು. ಹೆಚ್ಚಿನ ಬಿಯರುಗಳಿಗೆ ಅದರ ಅರ್ಧವೇ ಧಾರಾಳ.

ಕೊಳ್ಳುವಾಗ ಪೌಂಡಿನ ಚೀಲ ಕೊಳ್ಳಿ, ಗಾಳಿ ತೆಗೆದು ಬಿಗಿದು ಫ್ರೀಜರಿನಲ್ಲಿಡಿ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕೊಯ್ಲು. ಹೊಸ ಬೆಳೆ ಬಂದ ಮೇಲೆ ಹಿಂದಿನ ವರ್ಷದ ಸರಕಿನ ಬೆಲೆ ಇಳಿಯುವುದುಂಟು. ಚೆನ್ನಾಗಿ ಮೊಹರಾದ ಚೀಲವಾದರೆ ಕಹಿಗೆ ಧಾರಾಳವಾಗಿ ಬಳಸಬಹುದು.

5. ಬಿಯರಿನ ಬಗೆಯನ್ನೇ ಖರ್ಚಿಗೆ ತಕ್ಕಂತೆ ಆರಿಸಿ. ಡಬಲ್ ಐಪಿಎ, ಇಂಪೀರಿಯಲ್ ಸ್ಟೌಟ್ ಇವೆಲ್ಲ ಮಾಲ್ಟನ್ನೂ ಹಾಪ್ಸನ್ನೂ ನುಂಗುವಂಥವು. ಇಂಗ್ಲೆಂಡಿನ ಮೈಲ್ಡ್, ಬಿಟರ್ ಏಲುಗಳು ಶೇ. 3.5ರ ಆಸುಪಾಸಿನವು, 7 ಪೌಂಡ್ ಮಾಲ್ಟಿನಲ್ಲಿ ಮುಗಿಯುತ್ತವೆ, ಮೂರು ವಾರದಲ್ಲಿ ಕುಡಿಯಲು ಸಿದ್ಧ. ಅವುಗಳ ಗಸಿಯಲ್ಲಿ ಸಿಗುವ ಯೀಸ್ಟ್ ಕೂಡ ಅತ್ಯುತ್ತಮ. ಅಗ್ಗ ಎಂದ ಮಾತ್ರಕ್ಕೆ ಇವು ಕಳಪೆಯಲ್ಲ. ಕಡಿಮೆ ಗಡಸಿನಲ್ಲಿ ತುಂಬು ರುಚಿ ತರುವುದು ಕೈಚಳಕದ ಕೆಲಸ, ಕಲಿಯಬೇಕಾದದ್ದು ಅದನ್ನೇ.

ನಮ್ಮ ಅಡುಗೆಮನೆಗೆ ಒಗ್ಗುವ ಇನ್ನೊಂದು ದಾರಿ ಅಕ್ಕಿ. ಅಮೆರಿಕದ ದೊಡ್ಡ ಬ್ರೂವರಿಗಳು ತಿಳಿ ಲಾಗರುಗಳಿಗೆ ಅಕ್ಕಿ ಬಳಸುತ್ತಲೇ ಬಂದಿವೆ. ಒಟ್ಟು ಧಾನ್ಯದ ಕಾಲು ಭಾಗದವರೆಗೆ ನುಚ್ಚಕ್ಕಿ ಹಾಕಬಹುದು, ಅಮೆರಿಕದ ಮಾಲ್ಟಿನ ಕಿಣ್ವಗಳಿಗೆ ಅಷ್ಟನ್ನು ಸಕ್ಕರೆಯಾಗಿಸುವ ಶಕ್ತಿಯಿದೆ. ಒಂದೇ ಎಚ್ಚರ: ಅಕ್ಕಿಯ ಪಿಷ್ಟ ಅರಳುವುದಕ್ಕೆ ಮಾಲ್ಟ್ ನೆನೆಸುವ ನೀರಿನ ಬಿಸಿ ಸಾಲದು. ಆದ್ದರಿಂದ ಮೊದಲು ನೀರು ಹೆಚ್ಚಿಟ್ಟು ಗಂಜಿಯಂತೆ ಮೆತ್ತಗೆ ಬೇಯಿಸಿ, ಆಮೇಲೆ ಮಾಲ್ಟಿಗೆ ಸೇರಿಸಿ. ಉಪ್ಪು ಹಾಕಬೇಡಿ. ಬಾಸ್ಮತಿಯಂಥ ದುಬಾರಿ ಅಕ್ಕಿಯಿಂದ ಏನೂ ಲಾಭವಿಲ್ಲ.

ಸಕ್ಕರೆಯನ್ನೂ ಶೇ. 10ರವರೆಗೆ ಬಳಸಬಹುದು. ಬೆಲ್ಜಿಯಂ ಬಗೆಯ ಬಿಯರಿಗೆ ಕ್ಯಾಂಡಿ ಸಕ್ಕರೆ ಬೇಕೆಂದು ರೆಸಿಪಿಯಲ್ಲಿದ್ದರೆ, ತಿಳಿ ಬಣ್ಣದ ಬಿಯರಿಗೆ ಸಾದಾ ಸಕ್ಕರೆ ಸಾಕು, ಕಂದು ಬಿಯರಿಗೆ ಬೆಲ್ಲ ಸೊಗಸಾದ ಕಂಪು ಕೊಡುತ್ತದೆ. ಅದಕ್ಕಿಂತ ಹೆಚ್ಚು ಸಕ್ಕರೆ ಸುರಿದು ಮಾಲ್ಟ್ ಉಳಿಸಲು ಹೋದರೆ ಬಿಯರ್ ನೀರು ನೀರಾಗುತ್ತದೆ.

6. ನೀರು ಮತ್ತು ಉರುವಲು. ಕುಡಿಯಲು ರುಚಿಯಾದ ನಲ್ಲಿ ನೀರಿದ್ದರೆ ಕ್ಯಾನ್ ನೀರು ಬೇಡ. ಅದರಲ್ಲಿರುವ ಕ್ಲೋರಿನ್ ಮಾತ್ರ ತೆಗೆಯಬೇಕು, ಇಲ್ಲದಿದ್ದರೆ ಬಿಯರಿಗೆ ಔಷಧಿಯ ವಾಸನೆ ಬರುತ್ತದೆ. ಒಂದು ಕ್ಯಾಂಪ್ಡೆನ್ ಮಾತ್ರೆ 20 ಗ್ಯಾಲನ್ ನೀರಿಗೆ ಸಾಕು. ಅರ್ಧ ಮಾತ್ರೆಯನ್ನು ಪುಡಿ ಮಾಡಿ ಬೆರೆಸಿದರೆ ನಿಮ್ಮ ಬ್ಯಾಚಿನ ನೀರು ಕೆಲವೇ ನಿಮಿಷದಲ್ಲಿ ಸಿದ್ಧ.

25 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 2.3 ಯೂನಿಟ್ ವಿದ್ಯುತ್ತು ಬೇಕು. ಒಂದು ಗಂಟೆ ಕುದಿಸಿ 4 ಲೀಟರ್ ಆವಿಯಾಗಿಸಲು ಇನ್ನೂ 2.5 ಯೂನಿಟ್. ಅಂದರೆ ಅರ್ಧ ಶಕ್ತಿ ಹೋಗುವುದು ಆವಿಗೆ. ಪೇಲ್ ಏಲ್ ಮಾಲ್ಟಿಗೆ 30 ನಿಮಿಷದ ಕುದಿತ ಸಾಕು, ಕಹಿ ಹಾಪ್ಸ್ ತುಸು ಹೆಚ್ಚು ಹಾಕಿದರಾಯಿತು. ಪಿಲ್ಸ್‌ನರ್ ಮಾಲ್ಟಿಗೆ ಮಾತ್ರ ಒಂದು ಗಂಟೆ ತಪ್ಪಿಸಬೇಡಿ, ಇಲ್ಲದಿದ್ದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಉಳಿಯುವ ಸಂಭವವಿದೆ.

7. ಪಾತ್ರೆ ಪರಿಕರ. ಮಾಲ್ಟ್ ನೆನೆಸಲು ಬೇರೆ ಪಾತ್ರೆ ಬೇಕಿಲ್ಲ. ಕುದಿಸುವ ಪಾತ್ರೆಯೊಳಗೇ ಬಟ್ಟೆಯ ಚೀಲದಲ್ಲಿ ನುಚ್ಚು ನೆನೆಸಿ, ಚೀಲ ಎತ್ತಿ ಹಿಂಡಿಬಿಡುವ ಪದ್ಧತಿ ಆಸ್ಟ್ರೇಲಿಯಾದ ಮನೆ ಬಿಯರಿನವರಿಂದ ಬಂದದ್ದು. ಒಂದು ಪಾತ್ರೆ, ಒಂದು ನೈಲಾನ್ ಚೀಲ, ಅಷ್ಟೇ. ದೊಡ್ಡ ಪಾತ್ರೆ ಇಲ್ಲದಿದ್ದರೆ ಅರ್ಧ ಬ್ಯಾಚ್ ಮಾಡಿ. ಹುದುಗಿಸಲು ಆಹಾರ ದರ್ಜೆಯ ಆರೂವರೆ ಗ್ಯಾಲನ್ ಪ್ಲಾಸ್ಟಿಕ್ ಬಕೆಟ್ ಸಾಕು, ಒಳಗೆ ಗೀರು ಬಿದ್ದರೆ ಬದಲಾಯಿಸಿ. ಅಲ್ಯುಮಿನಿಯಂ ಪಾತ್ರೆಯೂ ಆಗುತ್ತದೆ. ಮೊದಲು ಬರೀ ನೀರು ಕುದಿಸಿದರೆ ಒಳಗೆ ಮಂಕು ಪದರ ಕಟ್ಟುತ್ತದೆ, ಅದನ್ನು ಉಜ್ಜಿ ತೆಗೆಯಬಾರದು. ಕೆಗ್ ಸಮಯ ಉಳಿಸುತ್ತದೆ, ದುಡ್ಡನ್ನಲ್ಲ.

8. ಬಾಟಲಿ ಕೊಳ್ಳಲೇಬೇಡಿ. ಕುಡಿದಿಟ್ಟ ಕಂದು ಬಾಟಲಿಗಳನ್ನು ನೆನೆಸಿ ಲೇಬಲ್ ಕಿತ್ತು ಮತ್ತೆ ಬಳಸಿ. ತಿರುಗಿಸಿ ತೆಗೆಯುವ ಮುಚ್ಚಳದವು ಬೇಡ, ಬಿರಡೆ ಸರಿಯಾಗಿ ಕೂರುವುದಿಲ್ಲ. ಹಸಿರು, ಬಿಳಿ ಗಾಜಿನವೂ ಬೇಡ, ಬೆಳಕು ತಾಗಿ ಹಾಪ್ಸ್ ನಾರುತ್ತದೆ. ನೊರೆ ಬರಿಸಲು ವಿಶೇಷ ಗುಳಿಗೆಗಳ ಬದಲು ಸಾದಾ ಸಕ್ಕರೆ, ಲೀಟರಿಗೆ 6 ಗ್ರಾಂ, 19 ಲೀಟರಿಗೆ ಸುಮಾರು 115 ಗ್ರಾಂ. ನೀರಿನಲ್ಲಿ ಕುದಿಸಿ ಇಡೀ ಬ್ಯಾಚಿಗೆ ಬೆರೆಸಿ. ತಕ್ಕಡಿಯಲ್ಲಿ ತೂಗಿ, ಲೋಟದಲ್ಲಿ ಅಳೆಯಬೇಡಿ.

ಎಲ್ಲಿ ಕಂಜೂಸಿ ಮಾಡಬಾರದು

ಕೆಟ್ಟು ಸುರಿದ ಒಂದು ಬ್ಯಾಚ್ ಹತ್ತು ಬ್ಯಾಚಿನ ಸಣ್ಣಪುಟ್ಟ ಉಳಿತಾಯವನ್ನು ನುಂಗಿಹಾಕುತ್ತದೆ. ಬ್ಯಾಚ್ ಕೆಡುವುದು ಹೆಚ್ಚಾಗಿ ಕೊಳೆಯಿಂದ ಅಥವಾ ಬಿಸಿಯಿಂದ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಜಿಡ್ಡು ಹೋಗದ ಮೇಲ್ಮೈಯಲ್ಲಿ ಯಾವ ಸ್ಯಾನಿಟೈಸರೂ ಕೆಲಸ ಮಾಡುವುದಿಲ್ಲ. ತೊಳೆಯಲು ಪರಿಮಳವಿಲ್ಲದ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಅಗ್ಗ ಮತ್ತು ಒಳ್ಳೆಯದು, ಅಲ್ಯುಮಿನಿಯಂಗೆ ಮಾತ್ರ ಬೇಡ. ಸ್ಯಾನಿಟೈಸ್ ಮಾಡಲು ಸ್ಟಾರ್ ಸ್ಯಾನ್‌ನಂಥ ಆಮ್ಲ: 5 ಗ್ಯಾಲನ್ ನೀರಿಗೆ 1 ಔನ್ಸ್. ಬಕೆಟ್ ತುಂಬ ಕಲಸುವ ಅಗತ್ಯವಿಲ್ಲ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ ಒಂದೂವರೆ ಮಿ.ಲೀ. ಬೆರೆಸಿ ಸ್ಪ್ರೇ ಬಾಟಲಿಯಲ್ಲಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಹುಡುಕಿದರೆ ಉಳಿತಾಯ ಇಲ್ಲಿಯೂ ಇದೆ, ಬಳಸುವುದನ್ನು ಬಿಟ್ಟು ಉಳಿಸಬೇಡಿ.

ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಹುದುಗುವಾಗ ಅದೇ ಬಿಸಿ ಹುಟ್ಟಿಸುವುದರಿಂದ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿರುತ್ತದೆ. ಮೊದಲ ಮೂರು ದಿನ ನಿರ್ಣಾಯಕ. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ದಿನಕ್ಕೆರಡು ಸಲ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಹಾಕಿ, ಮೇಲೊಂದು ಒದ್ದೆ ಟೀ ಶರ್ಟ್ ಹೊದಿಸಿದರೆ ಫ್ರಿಜ್ ಇಲ್ಲದೆಯೂ ಸಾಧ್ಯ. ನೆಲಮಾಳಿಗೆ ಇರುವವರು ಅದೃಷ್ಟವಂತರು.

ವರ್ಟಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮತ್ತು ಒಳ್ಳೆಯ ಥರ್ಮಾಮೀಟರ್, ಈ ಎರಡನ್ನು ಮೊದಲ ದಿನವೇ ಕೊಳ್ಳಿ.

ಸಾಮಾನ್ಯ ತಪ್ಪುಗಳು

ಮೊದಲ ಬ್ಯಾಚ್ ರುಚಿ ನೋಡುವ ಮುನ್ನವೇ ದೊಡ್ಡ ಸಲಕರಣೆಗೆ ಆರ್ಡರ್ ಮಾಡುವುದು. ಹವ್ಯಾಸ ಬಿಟ್ಟವರ ಸಾಮಾನು ಸೆಕೆಂಡ್ ಹ್ಯಾಂಡಿನಲ್ಲಿ ಅರ್ಧ ಬೆಲೆಗೂ ಸಿಗುತ್ತದೆ, ನಾಲ್ಕು ತಿಂಗಳು ಕಾಯಿರಿ.

ಅಗ್ಗವೆಂದು ಪೌಂಡುಗಟ್ಟಲೆ ಹಾಪ್ಸ್ ಐದಾರು ತಳಿ ತಂದು ಫ್ರೀಜರ್ ತುಂಬಿಸುವುದು. ಬಳಸದೆ ಹಳಸಿದ ಸಗಟು ಸರಕು ಚಿಲ್ಲರೆಗಿಂತ ದುಬಾರಿ. ಕಹಿಗೊಂದು, ಪರಿಮಳಕ್ಕೊಂದು, ಎರಡು ತಳಿ ಒಂದು ಸಲಕ್ಕೆ ಸಾಕು.

ಆನ್‌ಲೈನಿನಲ್ಲಿ ಒಂದೊಂದೇ ವಸ್ತು ತರಿಸುವುದು. ಮಾಲ್ಟ್ ಭಾರದ ಸರಕು, ಸಾಗಣೆಯ ಖರ್ಚು ಸೇರಿಸಿ ಹೋಲಿಸಿದರೆ ಊರಿನ ಅಂಗಡಿಯೇ ಎಷ್ಟೋ ಸಲ ಅಗ್ಗ. ಅಲ್ಲಿ ಸಿಗುವ ಸಲಹೆಗೆ ದುಡ್ಡಿಲ್ಲ.

ಇನ್ನೊಂದು ಆತುರದ್ದು. ಬಕೆಟ್ಟಿನಿಂದ ಅನಿಲ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬುವುದು. ಹೈಡ್ರೋಮೀಟರ್ ಓದು ಮೂರು ದಿನದ ಅಂತರದಲ್ಲೂ ಬದಲಾಗದಿದ್ದರೆ ಮಾತ್ರ ಹುದುಗು ಮುಗಿದಿದೆ ಎನ್ನಬಹುದು.

ಎಚ್ಚರಿಕೆ

ಹುದುಗು ಮುಗಿಯದೆ ತುಂಬಿದ ಅಥವಾ ಸಕ್ಕರೆ ಹೆಚ್ಚಾದ ಬಾಟಲಿ ಸಿಡಿಯುತ್ತದೆ. ಗಾಜಿನ ಚೂರು ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಮೊದಲ ಎರಡು ವಾರ ಬಾಟಲಿಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ.

ಪ್ರೊಪೇನ್ ಒಲೆಯನ್ನು ಬಯಲಿನಲ್ಲಿ ಮಾತ್ರ ಉರಿಸಿ. ಬಾಗಿಲು ತೆರೆದ ಗರಾಜೂ ಸುರಕ್ಷಿತವಲ್ಲ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬ್ಲೀಚನ್ನು ಆಮ್ಲದ ಸ್ಯಾನಿಟೈಸರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ತಣಿಸುವ ಸುರುಳಿಯ ಖರ್ಚು ಉಳಿಸಲು ಬಿಸಿ ವರ್ಟನ್ನು ಮುಚ್ಚಿದ ಪಾತ್ರೆಯಲ್ಲಿ ರಾತ್ರಿಯಿಡೀ ಆರಲು ಬಿಟ್ಟು ಬೆಳಿಗ್ಗೆ ಯೀಸ್ಟ್ ಹಾಕುವವರಿದ್ದಾರೆ. ಅಷ್ಟಾದರೆ ಸರಿ. ಯೀಸ್ಟ್ ಹಾಕದೆ ದಿನಗಟ್ಟಲೆ ಇಡಬೇಡಿ, ವರ್ಟಿನ ಹುಳಿ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯನ್ನು ತಡೆಯುವಷ್ಟು ಇರುವುದಿಲ್ಲ.

ಸಕ್ಕರೆ ತೆಗೆದ ಮಾಲ್ಟಿನ ಚರಟವನ್ನು ಎಸೆಯುವ ಬದಲು ಒಣಗಿಸಿ ಪುಡಿ ಮಾಡಿ ಚಪಾತಿ ಹಿಟ್ಟಿಗೆ ಒಂದು ಹಿಡಿ ಬೆರೆಸಬಹುದು, ಉಳಿದದ್ದು ತೋಟದ ಗೊಬ್ಬರಕ್ಕೆ. ಒದ್ದೆ ಚರಟ ಒಂದೇ ದಿನದಲ್ಲಿ ಹುಳಿಯುತ್ತದೆ, ಅಂದೇ ಒಣಗಿಸಿ ಅಥವಾ ಫ್ರೀಜರಿಗೆ ಹಾಕಿ. ಹಾಪ್ಸ್ ಮಾತ್ರ ನಾಯಿಗೆ ವಿಷ. ಒಂದಿಷ್ಟು ತಿಂದರೂ ಮೈ ಬಿಸಿ ಮಿತಿಮೀರಿ ಏರಿ ಪ್ರಾಣಕ್ಕೆ ಕುತ್ತು. ಮನೆಯಲ್ಲಿ ನಾಯಿಯಿದ್ದರೆ ಕುದಿಸಿದ ಹಾಪ್ಸ್ ಗಸಿಯನ್ನು ಗೊಬ್ಬರದ ಗುಂಡಿಗೂ ಹಾಕದೆ, ಚೀಲ ಕಟ್ಟಿ ಮುಚ್ಚಳವಿರುವ ಕಸದ ಡಬ್ಬಿಗೇ ಹಾಕಿ.